ಕೆರೆ, ಮೀನು, ರಾಮ್ಸರ್: ಧಾರವಾಡ, ಗದಗ, ಹಾವೇರಿ ಸೀಮೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೆರೆ ದಂಡೆಯ ಮಾತುಕತೆಯಲ್ಲಿ, ಧಾರವಾಡದ ಕೃಷಿ ಮೇಳದಲ್ಲಿ, ಬಂದ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿದ್ದೇವೆ. ಮೊದಲು ಸುಲಭದವು, ಆಮೇಲೆ ತೊಡಕಿನವು. ಪ್ರತಿ ಉತ್ತರವನ್ನೂ ಬಿಡಿಯಾಗಿ ಓದಬಹುದು.

## ಮೊದಲ ತಿಳಿವಳಿಕೆ

ನಮಗ ಸಮುದ್ರನ ಇಲ್ಲ. ಸಮುದ್ರದ ಮೀನಿನ ಗುರಿ ಕಟ್ಟಿಕೊಂಡು ಧಾರವಾಡದವರಿಗೆ ಏನಾಗಬೇಕ್ರಿ?

ಧಾರವಾಡದ ಮೇಲೆ ಬಿದ್ದ ಮಳೆ ಎರಡು ಸಮುದ್ರಗಳಿಗೆ ಹಂಚಿಹೋಗುತ್ತದೆ. ಸೋಮೇಶ್ವರದ ಹತ್ತಿರ ಹುಟ್ಟುವ ಶಾಲ್ಮಲೆ ಬೇಡ್ತಿಗೆ ಕೂಡಿ, ಗಂಗಾವಳಿಯೆಂಬ ಹೆಸರಿನಲ್ಲಿ ಅಂಕೋಲೆಯ ಕಡೆ ಅರಬ್ಬೀ ಸಮುದ್ರ ಸೇರುತ್ತದೆ. ಬೆಣ್ಣೆಹಳ್ಳದ ನೀರು ಮಲಪ್ರಭೆ, ಕೃಷ್ಣೆಗಳ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಹಾವೇರಿಯ ವರದಾ, ಕುಮುದ್ವತಿ ಎರಡೂ ತುಂಗಭದ್ರೆಗೆ ಬಿದ್ದು ಅದೇ ದಾರಿ ಹಿಡಿಯುತ್ತವೆ. ಗಟಾರಿಗೆ ಎಸೆದ ಪ್ಲಾಸ್ಟಿಕ್ಕು, ಹೊಲದಿಂದ ತೊಳೆದುಹೋದ ಯೂರಿಯಾ ಕೂಡ ಇದೇ ದಾರಿಯಲ್ಲಿ ಸಾಗುತ್ತವೆ. ಹುಬ್ಬಳ್ಳಿಯ ಮೀನು ಮಾರುಕಟ್ಟೆಗೆ ಬರುವ ಬಂಗಡೆ, ತಾರ್ಲೆ ಅದೇ ಕರಾವಳಿಯಿಂದ ಘಟ್ಟ ಹತ್ತಿ ಬರುತ್ತವೆ. ಇನ್ನೊಂದು ಮಾತು: ಜಗತ್ತಿನ ದೇಶಗಳು ಒಪ್ಪಿಕೊಂಡ ಈ ಗುರಿಗಳಲ್ಲಿ ಕೆರೆ, ಹಳ್ಳ, ಹೊಳೆಗಳ ಪಾಲೂ ಇದೆ. ಈ ಪುಟದ ಬಹುಭಾಗ ಅದರ ಬಗ್ಗೆಯೇ.

ಗುರಿ 14, ಗುರಿ 15, ರಾಮ್ಸರ್, ಮಾಂಟ್ರಿಯಲ್ ಅಂತೆಲ್ಲಾ ಹೇಳತಾರ. ಎಲ್ಲಾ ಒಂದೇನಾ?

ಬೇರೆ ಬೇರೆ. 2015ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆ ಒಪ್ಪಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 14ನೆಯದು ಸಮುದ್ರದ ಜೀವಿಗಳದು, 15ನೆಯದು ನೆಲ ಮತ್ತು ಸಿಹಿನೀರಿನ ಜೀವಜಾಲದ್ದು. 6ನೆಯದರ ಒಂದು ಉಪಗುರಿ ನದಿ, ಕೆರೆ, ಜೌಗುಗಳನ್ನು ಕಾಪಾಡಬೇಕೆನ್ನುತ್ತದೆ. ಇವು ದೇಶಗಳು ತಾವೇ ಒಪ್ಪಿಕೊಂಡ ಮಾತು, ತಪ್ಪಿದರೆ ದಂಡವಿಲ್ಲ.

ರಾಮ್ಸರ್ ಎಂಬುದು ಒಪ್ಪಂದ. ಇರಾನಿನ ರಾಮ್ಸರ್ ಊರಿನಲ್ಲಿ 1971ರ ಫೆಬ್ರುವರಿ 2ರಂದು ಸಹಿಯಾಯಿತು, ಭಾರತ 1982ರಲ್ಲಿ ಸೇರಿತು. ಫೆಬ್ರುವರಿ 2 ವಿಶ್ವ ಜೌಗುಪ್ರದೇಶ ದಿನವಾದದ್ದು ಇದರಿಂದಲೇ. ಮಾಂಟ್ರಿಯಲ್ ಎಂದರೆ 2022ರ ಡಿಸೆಂಬರಿನಲ್ಲಿ ಜೀವವೈವಿಧ್ಯ ಒಪ್ಪಂದದ ದೇಶಗಳು ಅಲ್ಲಿ ಒಪ್ಪಿದ ಕುನ್ಮಿಂಗ್–ಮಾಂಟ್ರಿಯಲ್ ಚೌಕಟ್ಟು. ಅದರಲ್ಲಿ 2030ಕ್ಕೆ ಮುಟ್ಟಬೇಕಾದ 23 ಗುರಿಗಳಿವೆ. ನಮ್ಮ ಸೀಮೆಗೆ ನೇರವಾಗಿ ತಟ್ಟುವವು ನಾಲ್ಕು: ಹಾಳಾದ ನೆಲ-ನೀರಿನ ಶೇ 30 ಭಾಗದಲ್ಲಾದರೂ ದುರಸ್ತಿ (2ನೆಯದು), ಶೇ 30 ಭಾಗದ ರಕ್ಷಣೆ (3ನೆಯದು), ಹೊರಗಿನಿಂದ ಬಂದು ಹಬ್ಬುವ ಜೀವಿಗಳ ತಡೆ (6ನೆಯದು), ಗೊಬ್ಬರ ಮತ್ತು ಕೊಳಚೆಯಿಂದ ನೀರಿಗೆ ಸೋರುವ ಹೆಚ್ಚುವರಿ ಪೋಷಕಾಂಶವನ್ನು ಅರ್ಧಕ್ಕೆ ಇಳಿಸುವುದು (7ನೆಯದು).

ಹಿಂದಿನ ಗುರಿ ಮುಟ್ಟಿದ್ದಾವಾ?

ಇಲ್ಲ. 2010ರಲ್ಲಿ ಜಪಾನಿನ ನಗೋಯಾದಲ್ಲಿ ಒಪ್ಪಿದ 20 ಐಚಿ ಗುರಿಗಳಲ್ಲಿ ಒಂದೂ 2020ರೊಳಗೆ ಪೂರ್ಣವಾಗಿ ಈಡೇರಲಿಲ್ಲ. ಆರು ಅರೆಬರೆ ಈಡೇರಿದವು. ಮಿತಿಮೀರಿದ ಮೀನುಗಾರಿಕೆಯನ್ನು 2020ರೊಳಗೆ ನಿಲ್ಲಿಸುವ ಮಾತೂ ತಪ್ಪಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2025ರಲ್ಲಿ ಪ್ರಕಟಿಸಿದ ಪರಿಶೀಲನೆಯ ಪ್ರಕಾರ ಸಮುದ್ರದ ಮೀನು ಸಂಗ್ರಹಗಳಲ್ಲಿ ಶೇ 35.5ರಷ್ಟು ಮಿತಿಮೀರಿ ಹಿಡಿಯಲ್ಪಟ್ಟಿವೆ. 1974ರಲ್ಲಿ ಇದು ಶೇ 10ರ ಆಸುಪಾಸಿನಲ್ಲಿತ್ತು.

## ಮಾಗಡಿ ಕೆರೆ ಮತ್ತು ಹೆಬ್ಬಾತು

ಮಾಗಡಿ ಕೆರಿ ರಾಮ್ಸರ್ ಆತು ಅಂತಾರ. ಅದರಾಗ ಅಂಥಾದ್ದೇನೈತಿ?

ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಈ ಕೆರೆ ಸುಮಾರು 54 ಹೆಕ್ಟೇರಿನದು. ಮಳೆನೀರು ಹಿಡಿದು ಹೊಲಕ್ಕೆ ಕೊಡಲು ಜನ ಕಟ್ಟಿದ ಕೆರೆ. 2024ರ ಜನವರಿಯಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆ ಇದೂ ಪಟ್ಟಿ ಸೇರಿತು. ಅದಕ್ಕೆ ಮೊದಲು ಕರ್ನಾಟಕದಲ್ಲಿ ರಂಗನತಿಟ್ಟು ಒಂದೇ ಇತ್ತು.

ಇಲ್ಲಿ 166 ಬಗೆಯ ಹಕ್ಕಿಗಳು ದಾಖಲಾಗಿವೆ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳೇ ಸುಮಾರು 8,000ದವರೆಗೆ ಇಳಿಯುತ್ತವೆ. ದಕ್ಷಿಣ ಭಾರತದಲ್ಲಿ ಈ ಹಕ್ಕಿ ಚಳಿಗಾಲ ಕಳೆಯುವ ಅತಿ ದೊಡ್ಡ ತಾಣಗಳಲ್ಲಿ ಇದೊಂದು. ಮಂಗೋಲಿಯ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ನವೆಂಬರಿನ ಹೊತ್ತಿಗೆ ಬಂದು ಮಾರ್ಚಿನ ಹೊತ್ತಿಗೆ ಮರಳುತ್ತವೆ. ರಾಮ್ಸರ್ ಪಟ್ಟಿಗೆ ಒಂಬತ್ತು ಮಾನದಂಡಗಳಿವೆ, ಒಂದಕ್ಕೆ ಹೊಂದಿದರೂ ಸಾಕು. ಅವುಗಳಲ್ಲೊಂದು, ಯಾವುದಾದರೂ ನೀರುಹಕ್ಕಿಯ ಒಂದು ವಲಸೆ ಸಮೂಹದ ಶೇ 1 ಭಾಗ ಅಲ್ಲಿ ನಿಯಮಿತವಾಗಿ ಸೇರುವುದು. ಕೆರೆ ಚಿಕ್ಕದಿದ್ದರೂ ಹಕ್ಕಿಯ ಲೆಕ್ಕ ದೊಡ್ಡದಿರಬಹುದು. ಊರಿನವರು ಕಟ್ಟಿ, ತಲೆಮಾರುಗಳ ಕಾಲ ನೋಡಿಕೊಂಡ ಕೆರೆ ಜಗತ್ತಿನ ಪಟ್ಟಿಗೆ ಸೇರಿದ್ದು ನಮ್ಮೆಲ್ಲರಿಗೂ ಹೆಮ್ಮೆಯ ಮಾತು.

ಪಟ್ಟಿ ಸೇರಿದ್ರ ಕೆರಿ ದಂಡಿ ಹೊಲ ಸರ್ಕಾರ ಕಸಗೊಳ್ತದೇನ್ರಿ?

ಇಲ್ಲ. ರಾಮ್ಸರ್ ಪಟ್ಟಿ ಯಾರ ಜಮೀನಿನ ಒಡೆತನವನ್ನೂ ಬದಲಿಸುವುದಿಲ್ಲ. ಒಪ್ಪಂದದ ಮೂಲಮಾತೇ ‘ವಿವೇಕದ ಬಳಕೆ’: ನೀರು ಬಳಸಿ, ಮೇವು ಕೊಯ್ಯಿರಿ, ಆದರೆ ಕೆರೆಯ ಗುಣ ಕೆಡಿಸಬೇಡಿ. ಕೆರೆಯ ಸ್ವರೂಪ ಬದಲಾಗುವ ಕೆಲಸಕ್ಕೆ ಮಾತ್ರ ತಡೆ ಬೀಳುತ್ತದೆ. 2017ರ ಜೌಗುಪ್ರದೇಶ ನಿಯಮಗಳ ಪ್ರಕಾರ ಒತ್ತುವರಿ, ಕಸ ಸುರಿಯುವುದು, ಶುದ್ಧೀಕರಿಸದ ಕೊಳಚೆ ಬಿಡುವುದು, ಕಳೆದ ಹತ್ತು ವರ್ಷಗಳ ಸರಾಸರಿ ಪ್ರವಾಹ ಮಟ್ಟದಿಂದ 50 ಮೀಟರಿನೊಳಗೆ ಕಾಯಂ ಕಟ್ಟಡ ಕಟ್ಟುವುದು ನಿಷಿದ್ಧ.

ಹೆಬ್ಬಾತು ಕಡ್ಲಿ ಬೆಳಿ ತಿಂತಾವು. ಓಡಸಬಾರದು ಅಂದ್ರ ರೈತ ಏನ್ ಮಾಡಬೇಕು?

ಈ ದೂರಿನಲ್ಲಿ ಹುರುಳಿದೆ. ಹೆಬ್ಬಾತು ಮೀನು ತಿನ್ನುವ ಹಕ್ಕಿಯಲ್ಲ, ಹಸುವಿನಂತೆ ಮೇಯುವ ಹಕ್ಕಿ. ಹಗಲು ಕೆರೆಯಲ್ಲಿದ್ದು ಮುಸ್ಸಂಜೆ, ನಸುಕಿನಲ್ಲಿ ಹೊಲಕ್ಕಿಳಿದು ಎಳೆ ಚಿಗುರು ಮತ್ತು ಉದುರಿದ ಕಾಳು ಹೆಕ್ಕುತ್ತದೆ. ಹೆಚ್ಚು ಪೆಟ್ಟು ಬೀಳುವುದು ಮೊಳಕೆಯಾದ ಮೊದಲ ಮೂರ್ನಾಲ್ಕು ವಾರ. ಆಗ ಹೊಲದ ಉದ್ದಕ್ಕೂ ಹೊಳೆಯುವ ಪಟ್ಟಿಯನ್ನು ಬೆಳೆಗಿಂತ ಒಂದೆರಡು ಅಡಿ ಮೇಲೆ, ಗಾಳಿಗೆ ಮಿರುಗುವಂತೆ ತಿರುಚಿ ಕಟ್ಟಿ. ನಾಲ್ಕೈದು ದಿನಕ್ಕೊಮ್ಮೆ ಜಾಗ ಬದಲಿಸಿ. ಒಂದೇ ಕಡೆ ಬಿಟ್ಟರೆ ಹಕ್ಕಿಗೆ ರೂಢಿಯಾಗಿಬಿಡುತ್ತದೆ. ಶೇಂಗಾ ಕಿತ್ತ ಹೊಲವನ್ನು ತಕ್ಷಣ ಹರಗದೆ ಬಿಟ್ಟರೆ ಹಕ್ಕಿಗಳು ಅಲ್ಲಿಗೆ ಹೋಗುತ್ತವೆ, ಪಕ್ಕದ ಕಡಲೆ ಉಳಿಯುತ್ತದೆ, ಹಿಕ್ಕೆ ಗೊಬ್ಬರವಾಗುತ್ತದೆ.

ಒಂದು ಎಚ್ಚರಿಕೆ ಕಟ್ಟುನಿಟ್ಟಾಗಿ ಇರಲಿ. ವಿಷ ಲೇಪಿಸಿದ ಬೀಜ ಮಣ್ಣಿನ ಮೇಲೆ ಉಳಿಯಬಾರದು. ಕೂರಿಗೆ ತಿರುಗುವ ಬದುವಿನ ತುದಿಯಲ್ಲಿ ಚೆಲ್ಲಿದ ಹಿಡಿಯಷ್ಟು ಬೀಜವೂ ಹಕ್ಕಿಗಳನ್ನು ಕೊಲ್ಲಬಲ್ಲದು. ಬಿತ್ತಿದ ಮೇಲೆ ತುದಿಗಳನ್ನು ನೋಡಿ, ಮುಚ್ಚಿ.

ಕೊರಳಾಗ ಪಟ್ಟಿ ಇರೋ ಹೆಬ್ಬಾತು ಕಂಡ್ರ?

ಸಂಶೋಧಕರು ಗುರುತಿಗೆ ಹಾಕಿದ್ದು. ಬಣ್ಣ, ಅಕ್ಷರ, ಅಂಕಿ, ದಿನ, ಜಾಗ ಬರೆದುಕೊಂಡು ಫೋಟೊ ಸಮೇತ ಅರಣ್ಯ ಇಲಾಖೆಗೆ ಕೊಡಿ. ಓದಲು ಹತ್ತಿರ ಹೋಗಬೇಡಿ, ದುರ್ಬೀನು ಸಾಕು. ಹಿಂಡಿನ ಹಕ್ಕಿಗಳೆಲ್ಲ ಒಟ್ಟಿಗೆ ಕೊರಳೆತ್ತಿ ನಿಂತರೆ ನೀವು ಆಗಲೇ ತೀರ ಹತ್ತಿರ ಬಂದಿದ್ದೀರಿ ಎಂದರ್ಥ. ಡ್ರೋನ್ ಬೇಡವೇ ಬೇಡ.

## ಕೆರೆಯ ಮೀನು

ಕೆರಿಗೆ, ಕೃಷಿ ಹೊಂಡಕ್ಕೆ ಯಾವ ಮರಿ, ಎಷ್ಟು ಬಿಡಬೇಕು?

ವಾಡಿಕೆಯ ಮಿಶ್ರಣ ಕಾಟ್ಲಾ 4, ರೋಹು 3, ಮೃಗಾಲ್ 3. ಕಾಟ್ಲಾ ಮೇಲ್ನೀರಿನಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುವುದರಿಂದ ಒಂದರ ಆಹಾರಕ್ಕೆ ಇನ್ನೊಂದು ಬಾಯಿ ಹಾಕುವುದಿಲ್ಲ. ಮೇವು ಹಾಕಿ ನೋಡಿಕೊಳ್ಳುವ ಹೊಂಡಕ್ಕೆ ಹೆಕ್ಟೇರಿಗೆ 5,000 ಮರಿಯ ಲೆಕ್ಕ. 21 ಮೀಟರ್ ಉದ್ದ, 21 ಮೀಟರ್ ಅಗಲದ ಕೃಷಿ ಹೊಂಡ 441 ಚದರ ಮೀಟರ್. ಅಂದರೆ ಸುಮಾರು 220 ಮರಿ. ಸಾವಿರ ಬಿಟ್ಟರೆ ಸಾವಿರ ಮೀನು ಸಿಗುತ್ತದೆಂದು ನಂಬಿ ಬಹಳ ಜನ ಕೆಡುತ್ತಾರೆ. ಸಿಗುವುದು ಬೆಳೆಯದ ಮೀನು, ಇಲ್ಲವೇ ಸತ್ತ ಮೀನು. ಮೇವು ಹಾಕದ ಊರ ಕೆರೆಗೆ ಇನ್ನೂ ಕಡಿಮೆ ಸಾಕು, ಅದೂ ಬೇಸಿಗೆಯಲ್ಲಿ ಉಳಿಯುವ ನೀರಿನ ಹರವು ನೋಡಿ. ಕೋಡಿ ಬಿದ್ದ ದಿನದ ಹರವು ನೋಡಿ ಅಲ್ಲ.

ಮರಿ 8ರಿಂದ 10 ಸೆಂಟಿಮೀಟರ್ ಇರಲಿ, ಅಂದರೆ ಬೆರಳುದ್ದ. ಅಕ್ಕಿಕಾಳಿನಷ್ಟರ ಮರಿ ಅಗ್ಗವೇನೋ ಹೌದು, ಆದರೆ ನೀರುಕೋಳಿ, ಕೊರವ ಮೀನಿನ ಬಾಯಿಗೆ ಹೋಗುತ್ತದೆ. ಪೊಟ್ಟಣವನ್ನು ಕಟ್ಟಿದಂತೆಯೇ 15–20 ನಿಮಿಷ ನೀರಿನ ಮೇಲೆ ತೇಲಿಸಿ, ಆಮೇಲೆ ಬಾಯಿ ಬಿಚ್ಚಿ ಕೆರೆಯ ನೀರನ್ನು ಸ್ವಲ್ಪಸ್ವಲ್ಪ ಸೇರಿಸಿ, ಮರಿ ತಾವಾಗಿ ಈಜಿ ಹೋಗಲಿ. ನೇರವಾಗಿ ಸುರಿದರೆ ಬಿಸಿ-ತಂಪಿನ ಹೊಡೆತಕ್ಕೇ ಅರ್ಧ ಸಾಯುತ್ತವೆ.

ಕಾಟ್ಲಾ, ರೋಹು, ಮೃಗಾಲ್ ಗಂಗಾ ಬಯಲಿನ ಮೀನುಗಳು, ನಮ್ಮ ಹೊಳೆಗಳಿಗೆ ತಂದು ಬಿಟ್ಟವು. ನಿಂತ ನೀರಿನಲ್ಲಿ ಅವು ಮರಿ ಮಾಡುವುದಿಲ್ಲವಾದ್ದರಿಂದ ಕೆರೆಯಲ್ಲಿ ತಾವಾಗಿ ಹಬ್ಬವು. ಆದರೂ ಹೊಂಡದ ಹೊರಹರಿವಿಗೆ ಜಾಳಿಗೆ ಕಟ್ಟುವುದು ಒಳ್ಳೆಯದು.

ಆಫ್ರಿಕನ್ ಕ್ಯಾಟ್‌ಫಿಶ್ ಲಗೂನ ಬೆಳೀತೈತಿ. ಸಾಕಿದ್ರ ಏನ್ ತಪ್ಪು?

ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದ ಮೀನಿದು. ಗಾಳಿಯನ್ನೇ ಉಸಿರಾಡುವುದರಿಂದ ಕೊಳೆತ ನೀರಿನಲ್ಲೂ ಬದುಕುತ್ತದೆ. ಮಳೆರಾತ್ರಿ ಹಸಿ ನೆಲದ ಮೇಲೆ ತೆವಳಿ ಇನ್ನೊಂದು ಹೊಂಡಕ್ಕೆ ಹೋಗುತ್ತದೆ. ಮೊಟ್ಟೆ, ಮರಿ, ಕಪ್ಪೆ, ಏಡಿ ಯಾವುದನ್ನೂ ಬಿಡುವುದಿಲ್ಲ. ನಮ್ಮ ಮುರುಗೋಡು ಮೀನಿನ ಜಾಗವನ್ನು ನುಂಗುತ್ತಿರುವುದು ಇದೇ. ಒಂದು ಹೊಂಡದವರು ಮಾಡಿದ ತಪ್ಪು ಇಡೀ ಹಳ್ಳದ ಮೀನಿಗೆ ಮುಳುವಾಗುತ್ತದೆ. ಮಾಂಟ್ರಿಯಲ್ಲಿನ ಆರನೆಯ ಗುರಿ ಹಳ್ಳಿಯ ಮಟ್ಟದಲ್ಲಿ ಗೆಲ್ಲುವುದೋ ಸೋಲುವುದೋ ಇಲ್ಲಿಯೇ.

ಬಲೆಗೆ ಸಿಕ್ಕರೆ ಮತ್ತೆ ನೀರಿಗೆ ಬಿಡಬೇಡಿ, ಮೀನುಗಾರಿಕೆ ಇಲಾಖೆಗೆ ತಿಳಿಸಿ. ಹೊಂಡದಲ್ಲಿ ಸೇರಿಕೊಂಡಿದ್ದರೆ ಬೇಸಿಗೆಯಲ್ಲಿ ನೀರು ಪೂರ್ತಿ ಖಾಲಿ ಮಾಡಿ ತಳದ ಮಣ್ಣು ಬಿರುಕು ಬಿಡುವವರೆಗೆ ಒಣಗಿಸಿ. ಕೆಸರು ಉಳಿದರೆ ಮೀನೂ ಉಳಿಯುತ್ತದೆ. ಹರಿದುಹೋಗುವ ನೀರಿಗೆ ಅಥವಾ ಊರ ಕೆರೆಗೆ ಯಾವ ವಿಷವನ್ನೂ ಹಾಕಬೇಡಿ.

ಸೊಳ್ಳಿ ಕಡಿಮಿ ಆಗಲಿ ಅಂತ ಗಪ್ಪಿ ಮೀನು ಕೆರಿಗೆ ಬಿಡಬಹುದೇನ್ರಿ?

ಕೆರೆಗೆ ಬೇಡ. ಗಪ್ಪಿ, ಗ್ಯಾಂಬೂಸಿಯಾ ಎರಡೂ ಹೊರದೇಶದವು, ಜೀವಂತ ಮರಿ ಹಾಕಿ ಬೇಗ ಹಬ್ಬುತ್ತವೆ, ಸಣ್ಣ ಸ್ಥಳೀಯ ಮೀನಿನ ಮೊಟ್ಟೆ-ಮರಿ ತಿನ್ನುತ್ತವೆ. ಮುಚ್ಚಿದ ತೊಟ್ಟಿಯಲ್ಲಿ, ಹೊರಗೆ ದಾರಿಯಿಲ್ಲದ ಹಾಳು ಬಾವಿಯಲ್ಲಿ ಮಾತ್ರ ಅವುಗಳ ಬಳಕೆ ಇರಲಿ.

ಮೊದಲ ಮಳೆಗೆ ಹಳ್ಳ ಹತ್ತೋ ಮೀನು ಹಿಡೀಬಾರದು ಅಂತಾರಲ್ಲ, ಹಿಂದಿನಿಂದಲೂ ಹಿಡೀತಿದ್ವಿ?

ಹಾನಗಲ್, ಹಿರೇಕೆರೂರು ಕಡೆ ಮುಂಗಾರಿನ ಹೊಸನೀರಿಗೆ ಎದುರಾಗಿ ಹತ್ತುವ ಮೀನುಗಳೆಲ್ಲ ಮೊಟ್ಟೆಗಟ್ಟಿದವು. ಹಿಂದೆ ಕೂಳಿ ಹಾಕಿ ಮನೆಗೆ ಬೇಕಾದಷ್ಟು ಹಿಡಿಯುತ್ತಿದ್ದರು, ಮಿಕ್ಕವು ಗದ್ದೆಗೆ ಹತ್ತಿ ಮರಿ ಮಾಡುತ್ತಿದ್ದವು. ಈಗ ಹಳ್ಳದ ಅಗಲಕ್ಕೂ ಸೊಳ್ಳೆ ಪರದೆ ಕಟ್ಟುತ್ತಾರೆ, ಕರೆಂಟು ಹಾಯಿಸುತ್ತಾರೆ, ಬ್ಲೀಚಿಂಗ್ ಪುಡಿ ಸುರಿಯುತ್ತಾರೆ. ಒಂದೇ ರಾತ್ರಿಯಲ್ಲಿ ಮುಂದಿನ ವರ್ಷದ ಮೀನೂ ಹೋಗುತ್ತದೆ. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ಮಳೆಗಾಲದ ಮೊದಲೆರಡು ವಾರ ಬಿಟ್ಟುಬಿಡಿ; ಬಿಡಲಾಗದಿದ್ದರೆ ಹಳ್ಳದ ಅರ್ಧ ಅಗಲವನ್ನಾದರೂ ತೆರೆದಿಡಿ.

ಹುಬ್ಬಳ್ಳಿ ಮಾರ್ಕೆಟ್‌ನಲ್ಲಿ ಸಮುದ್ರದ ಮೀನು ಕೊಳ್ಳುವಾಗ ಏನು ನೋಡಬೇಕು?

ಉದ್ದ ನೋಡಿ. ಮರಿ ಮಾಡುವ ವಯಸ್ಸಿಗೆ ಮುಂಚೆಯೇ ಹಿಡಿದರೆ ಸಂತತಿ ಬೆಳೆಯುವುದಿಲ್ಲ. ಕೇರಳ ಸರ್ಕಾರ ತಾರ್ಲೆಗೆ 10, ಬಂಗಡೆಗೆ 14 ಸೆಂಟಿಮೀಟರ್ ಕನಿಷ್ಠ ಉದ್ದ ಗೊತ್ತುಮಾಡಿದೆ. ನಮ್ಮ ಸಂತೆಗೂ ಅದೇ ಅಳತೆ ಇಟ್ಟುಕೊಳ್ಳಬಹುದು. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ರಜೆ. ಆಗ ಕೆರೆ ಮೀನು ಕೊಳ್ಳುವುದು ಒಳ್ಳೆಯದು.

## ನೀರು ಕೆಟ್ಟಾಗ

ಬೆಳಗಾಗೂದ್ರಾಗ ಕೆರ್ಯಾಗ ಮೀನು ಸತ್ತು ತೇಲಾಕತ್ತಾವ. ಯಾರೋ ವಿಷ ಹಾಕ್ಯಾರ?

ಇರಬಹುದು, ಆದರೆ ಹೆಚ್ಚಿನ ಸಲ ಅದು ಉಸಿರುಕಟ್ಟಿದ ಸಾವು. ಕೊಳಚೆ ತಿಂದು ಹಸಿರುಗಟ್ಟಿದ ನೀರಿನಲ್ಲಿ ಪಾಚಿ ಹಗಲು ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಎಳೆದುಕೊಳ್ಳುತ್ತದೆ. ಎರಡು ದಿನ ಮೋಡ ಮುಚ್ಚಿದರೆ, ಬೇಸಿಗೆಯ ತಳನೀರಿಗೆ ಅಡ್ಡಮಳೆ ಬಿದ್ದು ಕೆಸರು ಕದಡಿದರೆ, ನಸುಕಿನ ಹೊತ್ತಿಗೆ ಆಮ್ಲಜನಕ ಮುಗಿದಿರುತ್ತದೆ.

ವ್ಯತ್ಯಾಸ ಹೀಗೆ ತಿಳಿಯಿರಿ. ಉಸಿರುಕಟ್ಟಿದಾಗ ಸಾವು ನಸುಕಿನಲ್ಲಿ. ದೊಡ್ಡ ಮೀನು ಮೊದಲು ಸಾಯುತ್ತವೆ, ಸಣ್ಣವು ಮೇಲೆ ಬಂದು ಬಾಯಿ ಬಡಿಯುತ್ತಿರುತ್ತವೆ, ಗಾಳಿ ಉಸಿರಾಡುವ ಮುರುಗೋಡು, ಕೊರವ ಬದುಕಿರುತ್ತವೆ. ವಿಷವಾದರೆ ಯಾವ ಹೊತ್ತಿನಲ್ಲಾದರೂ ಸಾವು. ದೊಡ್ಡದು ಸಣ್ಣದು ಎನ್ನದೆ ಎಲ್ಲವೂ, ನೀರಹುಳುಗಳೂ ಸಾಯುತ್ತವೆ.

ಕೂಡಲೇ ಮಾಡಬೇಕಾದ್ದು: ಮೇವು, ಸಗಣಿ ಹಾಕುವುದನ್ನು ನಿಲ್ಲಿಸಿ. ಪಂಪ್‌ಸೆಟ್ ಇಟ್ಟು ಅದೇ ನೀರನ್ನು ಎತ್ತರದಿಂದ ಚಿಮ್ಮಿ ಬೀಳಿಸಿ. ಹೊಸನೀರಿದ್ದರೆ ಬಿಡಿ. ಗಾಬರಿಯಲ್ಲಿ ಸುಣ್ಣ ಸುರಿಯಬೇಡಿ: ನೀರಿನಲ್ಲಿ ಅಮೋನಿಯ ಹೆಚ್ಚಿದ್ದರೆ ಸುಣ್ಣ ಅದನ್ನು ಇನ್ನಷ್ಟು ವಿಷವಾಗಿಸುತ್ತದೆ. ಸತ್ತ ಮೀನನ್ನು ತಿನ್ನಬೇಡಿ, ಮಾರಬೇಡಿ.

ದೂರು ಕೊಡುವುದಿದ್ದರೆ ಸೂರ್ಯ ಏರುವ ಮುಂಚೆ ನೀರಿನ ಮಾದರಿ ತೆಗೆಯಬೇಕು. ಮಧ್ಯಾಹ್ನ ತೆಗೆದರೆ ಆಮ್ಲಜನಕ ಸರಿಯಾಗಿಯೇ ಕಾಣುತ್ತದೆ, ದೂರು ಬಿದ್ದುಹೋಗುತ್ತದೆ. ಒಳಹರಿವಿನ ಬಾಯಿ, ಕೆರೆಯ ನಡು, ತೂಬಿನ ಹತ್ತಿರ, ಮೂರೂ ಕಡೆ ತೆಗೆಯಿರಿ. ಆಮ್ಲಜನಕದ ಬಾಟಲಿಗೆ ಪ್ರಯೋಗಾಲಯ ಕೊಡುವ ದ್ರಾವಣವನ್ನು ಸ್ಥಳದಲ್ಲೇ ಹಾಕಬೇಕು. ಆಗತಾನೇ ಸತ್ತ ಎರಡು ಮೀನುಗಳನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಮಂಜುಗಡ್ಡೆಯಲ್ಲಿಡಿ. ಮೀನಿಗೂ ವನ್ಯಜೀವಿಗೂ ತಕ್ಕ ನೀರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಇಟ್ಟ ಅಳತೆ: ಆಮ್ಲಜನಕ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ, ಪಿಎಚ್ 6.5ರಿಂದ 8.5, ಬಿಡಿ ಅಮೋನಿಯ 1.2 ಮಿಲಿಗ್ರಾಂ ಮೀರಬಾರದು.

ಉಣಕಲ್ ಕೆರಿ ಅಂತರಗಂಗಿ ಎಷ್ಟು ಸಲ ತಗದ್ರೂ ಮತ್ತ ಬರ್ತೈತಿ, ಯಾಕ?

ಅದರ ಊಟ ನಿಂತಿಲ್ಲ, ಅದಕ್ಕೆ. ಕೊಳಚೆಯ ಸಾರಜನಕ, ರಂಜಕ ಸಿಗುವವರೆಗೆ ಈ ಕಳೆ ಎರಡು ವಾರದಲ್ಲಿ ಇಮ್ಮಡಿಯಾಗುತ್ತದೆ. ತಳದಲ್ಲಿ ಬಿದ್ದ ಬೀಜ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಜೀವ ಹಿಡಿದಿರುತ್ತದೆ. ಯಂತ್ರ ತಂದು ತೆಗೆಸುವ ದುಡ್ಡಿನ ಮೊದಲ ಪಾಲು ಒಳಹರಿವಿನ ನಾಲೆಗೆ ಹೋಗಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ನಾಲೆಗೆ ಬೀಳುವ ಮನೆಗಟಾರುಗಳನ್ನು ಒಳಚರಂಡಿಗೆ ಜೋಡಿಸುವುದು ಮೊದಲ ಕೆಲಸ. ಉಳಿದದ್ದಕ್ಕೆ ಕೆರೆ ಸೇರುವ ಮುನ್ನ ಹೂಳುಗುಂಡಿ, ಅದರಾಚೆ ಜೊಂಡು ಬೆಳೆದ ತೆಳುನೀರಿನ ಪಟ್ಟಿ ಬೇಕು.

ತೆಗೆಯುವಾಗ ಹೂ ಬಿಡುವ ಮುಂಚೆ, ಗಾಳಿ ಒಂದೇ ದಂಡೆಗೆ ತಳ್ಳಿದಾಗ ತೆಗೆಯಿರಿ. ಏರಿಯ ಮೇಲೆ ರಾಶಿ ಹಾಕಿದರೆ ಮೊದಲ ಮಳೆಗೇ ಕೆರೆಗೆ ಮರಳುತ್ತದೆ. ಈ ಕಳೆಯನ್ನು ತಿನ್ನುವ ಸೊಂಡಿಲಹುಳುವನ್ನು 1980ರ ದಶಕದಲ್ಲಿ ತಂದು ಬೆಂಗಳೂರಿನ ಸುತ್ತಲ ಕೆರೆಗಳಲ್ಲಿ ಬಿಟ್ಟಿದ್ದರು. ಅದಕ್ಕೆ ವರ್ಷಗಳ ಸಮಯ ಬೇಕು, ಮೇಲಿಂದ ಮೇಲೆ ಕಳೆನಾಶಕ ಹೊಡೆಯುವ ಕಡೆ ಅದು ಉಳಿಯುವುದಿಲ್ಲ.

ಕೆರೆ ಅಭಿವೃದ್ಧಿಯಾಯಿತು, ಕಲ್ಲು ಕಟ್ಟಿದರು, ವಾಕಿಂಗ್ ಪಾಥ್ ಬಂತು. ಹಕ್ಕಿ ಮಾತ್ರ ಹೋದವು. ಏಕೆ?

ಕೆರೆಯನ್ನು ಬಟ್ಟಲು ಮಾಡಿದ್ದರಿಂದ. ಉಲ್ಲಂಕಿ, ಬೆಳ್ಳಕ್ಕಿ, ಚಮಚಕೊಕ್ಕುಗಳಿಗೆ ಬೇಕಾದದ್ದು ಮೊಣಕಾಲುದ್ದಕ್ಕಿಂತ ಕಡಿಮೆ ನೀರಿರುವ ಇಳಿಜಾರು ಅಂಚು. ಸಣ್ಣ ಮೀನು ಮೊಟ್ಟೆಯಿಡುವುದೂ ಅಲ್ಲಿಯೇ. ಸುತ್ತಲೂ ನೆಟ್ಟಗೆ ಕಲ್ಲು ಕಟ್ಟಿ ಒಂದೇ ಆಳಕ್ಕೆ ಅಗೆದರೆ ಆ ಅಂಚೇ ಇಲ್ಲವಾಗುತ್ತದೆ. ಏರಿಗೆ ಕಲ್ಲು ಬೇಕು, ನಿಜ. ನೀರು ಬರುವ ಕಡೆಯ ದಂಡೆಗೆ ಬೇಡ. ಅಲ್ಲಿ ಐದು ಮೀಟರಿಗೆ ಒಂದು ಮೀಟರಿಗಿಂತ ಹೆಚ್ಚು ಇಳಿಜಾರು ಮಾಡದೆ, ಜೊಂಡು ಉಳಿಸಿ, ನಡಿಗೆಯ ದಾರಿಯನ್ನು ಆ ಭಾಗದಿಂದ ಹೊರಗಿಡಿ. ಹೂಳೆತ್ತುವಾಗ ತಳದ ಜೇಡಿಯ ಪದರ ಒಡೆಯಬಾರದು, ಒಡೆದರೆ ನೀರು ಇಂಗಿ ಜನವರಿಗೇ ಕೆರೆ ಬತ್ತುತ್ತದೆ. ಏರಿಯ ಬುಡಕ್ಕೆ ತಾಗಿ ಅಗೆಯುವುದಂತೂ ಅಪಾಯ.

## ಕಾನೂನು ಮತ್ತು ಲೆಕ್ಕ

ನಮ್ಮೂರ ಕೆರಿಗೂ 2017ರ ಜೌಗು ನಿಯಮ ಅನ್ವಯ ಆಗತೈತಿ?

ಬಹುಶಃ ನೇರವಾಗಿ ಇಲ್ಲ. ನೀರಾವರಿಗೆ, ಕುಡಿಯುವ ನೀರಿಗೆ ಎಂದೇ ಕಟ್ಟಿದ ಕೆರೆಗಳನ್ನು ಆ ನಿಯಮಗಳ ವ್ಯಾಖ್ಯೆ ಹೊರಗಿಡುತ್ತದೆ. ನಮ್ಮ ಸೀಮೆಯ ಕೆರೆಗಳಲ್ಲಿ ಹೆಚ್ಚಿನವು ಅಂಥವೇ, ಇದು ದೊಡ್ಡ ಕೊರತೆ. ರಾಮ್ಸರ್ ತಾಣವಾದ್ದರಿಂದ ಮಾಗಡಿಗೆ ರಕ್ಷಣೆಯಿದೆ. ಉಳಿದವುಗಳಿಗೆ ಆಸರೆ ರಾಜ್ಯದ 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ. ಒತ್ತುವರಿಯ ದೂರು ಕೊಡುವ ಮುನ್ನ ಗ್ರಾಮ ನಕ್ಷೆ, ಕೆರೆಯ ಸರ್ವೆ ನಂಬರಿನ ಪಹಣಿ ತೆಗೆಸಿ, ಹದ್ದುಬಸ್ತಿಗೆ ಅರ್ಜಿ ಹಾಕಿ. ಗಡಿ ಗುರುತಾಗದ ಕೆರೆಯ ದೂರು ಕಡತದಲ್ಲೇ ಉಳಿಯುತ್ತದೆ.

ಗ್ರಾಮ ಪಂಚಾಯಿತಿ ಏನು ಮಾಡಬಹುದು?

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಬರೆದಿರಬೇಕು. ನಿಮ್ಮೂರಿನದನ್ನು ಕೇಳಿ ಓದಿ. ಕೆರೆಯ ಪುಟದಲ್ಲಿ ಮೀನಿನ ಊರಹೆಸರು, ಯಾವ ತಿಂಗಳು ಮರಿ ಕಾಣುತ್ತವೆ, ಯಾವುದು ಈಗ ಸಿಗುತ್ತಿಲ್ಲ ಎಂಬುದಿದ್ದರೆ ಅದು ಬೆಲೆಬಾಳುವ ಕಾಗದ. ಬಲೆ ಬೀಸುವ ಮನೆತನದ ಹಿರಿಯರನ್ನು ಕೂರಿಸಿಕೊಂಡು ಬರೆಯದ ದಾಖಲಾತಿ ಹೆಸರಿಗಷ್ಟೇ. ಮೀನು ಗುತ್ತಿಗೆಯ ಕರಾರಿನಲ್ಲಿ ಮೂರು ಷರತ್ತು ಬರೆಸಿ: ನಿಷೇಧಿತ ಮೀನು ಬಿಡಬಾರದು, ಸೊಳ್ಳೆ ಪರದೆ ಬಲೆ ಬಳಸಬಾರದು, ಮೀನು ಹಿಡಿಯಲು ಕೆರೆ ಖಾಲಿ ಮಾಡಬಾರದು.

ದುಡ್ಡಿಲ್ಲದೆ ಕೆರೆಯ ನೀರು ಅಳೆಯೋದು ಹೇಗೆ?

20 ಸೆಂಟಿಮೀಟರ್ ಅಗಲದ ತಟ್ಟೆಗೆ ಕಪ್ಪು-ಬಿಳಿ ಕಾಲುಭಾಗಗಳ ಬಣ್ಣ ಬಳಿದು, ಗುರುತು ಹಾಕಿದ ಹಗ್ಗಕ್ಕೆ ಭಾರ ಕಟ್ಟಿ ಇಳಿಸಿ. ತಟ್ಟೆ ಕಣ್ಮರೆಯಾಗುವ ಆಳವೂ, ಮೇಲೆತ್ತುವಾಗ ಮತ್ತೆ ಕಾಣುವ ಆಳವೂ ಕೂಡಿ ಅರ್ಧ ಮಾಡಿ. ಮೀನು ಹೊಂಡದಲ್ಲಿ 20ರಿಂದ 40 ಸೆಂಟಿಮೀಟರ್ ಚೆನ್ನ. ಹಸಿರು ನೀರಿನಲ್ಲಿ 20ಕ್ಕಿಂತ ಕಡಿಮೆ ಬಂದರೆ ನಸುಕಿನಲ್ಲಿ ಮೀನಿಗೆ ಉಸಿರು ಸಾಲದಾಗುತ್ತದೆ. ವಾರಕ್ಕೊಮ್ಮೆ, ಒಂದೇ ಜಾಗ, ನಡುಹಗಲು.

## ಇನ್ನೂ ಆಳಕ್ಕೆ

ಶೇ 30 ರಕ್ಷಣೆಯ ಗುರಿಯಲ್ಲಿ ಕೆರೆಗಳ ಲೆಕ್ಕ ಬರುತ್ತದೆಯೇ?

ಬರುತ್ತದೆ. ಮಾಂಟ್ರಿಯಲ್ ಚೌಕಟ್ಟಿನ ಮೂರನೆಯ ಗುರಿಯ ಪಾಠದಲ್ಲಿ ನೆಲ ಮತ್ತು ಸಮುದ್ರದ ಜೊತೆ ‘ಒಳನಾಡು ನೀರು’ ಎಂದು ಸ್ಪಷ್ಟವಾಗಿ ಬರೆದಿದೆ. ಅಭಯಾರಣ್ಯವಲ್ಲದಿದ್ದರೂ ಜನರೇ ಕಾಪಾಡಿಕೊಂಡು ಬಂದು ಜೀವಜಾಲ ಉಳಿದಿರುವ ಜಾಗಗಳನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮೀನು ಹಿಡಿಯದ ದೇವರ ಮಡು, ಹಕ್ಕಿ ಕೂರುವ ಊರ ಕೆರೆಗೆ ಅಲ್ಲಿ ದಾರಿಯಿದೆ. ಅದಕ್ಕೆ ಗಡಿ, ಹೊಣೆ ಹೊತ್ತವರು ಯಾರೆಂಬುದು, ವರ್ಷವರ್ಷದ ಜೀವಿಗಳ ಎಣಿಕೆ, ಈ ಮೂರೂ ಕಾಗದದಲ್ಲಿರಬೇಕು. 1987ರಿಂದ ಪ್ರತಿ ಜನವರಿ ನಡೆಯುವ ಏಷ್ಯಾ ನೀರುಹಕ್ಕಿ ಗಣತಿಗೆ ನಿಮ್ಮ ಕೆರೆಯನ್ನು ಸೇರಿಸುವುದು ಒಳ್ಳೆಯ ಆರಂಭ.

ವಿಶ್ವ ವ್ಯಾಪಾರ ಸಂಸ್ಥೆಯ ಮೀನು ಒಪ್ಪಂದದಿಂದ ನಮ್ಮ ಬಿತ್ತನೆ ಮರಿಯ ಸಹಾಯಧನ ನಿಲ್ಲುತ್ತದಾ?

ನಿಲ್ಲುವುದಿಲ್ಲ. 2022ರ ಜೂನಿನಲ್ಲಿ ಒಪ್ಪಿ, 2025ರ ಸೆಪ್ಟೆಂಬರ್ 15ರಂದು ಜಾರಿಗೆ ಬಂದ ಆ ಒಪ್ಪಂದ ಸಮುದ್ರದಲ್ಲಿ ಹಿಡಿಯುವ ಮೀನಿಗೆ ಮಾತ್ರ. ಸಾಕಣೆ, ಒಳನಾಡು ಮೀನುಗಾರಿಕೆ ಅದರ ಹೊರಗಿವೆ.

ಹಾಗಾದ್ರೆ ಕೆರೆ ಮೀನು ಹಿಡಿಯುವವರ ಬಗ್ಗೆ ಜಾಗತಿಕ ಗುರಿ ಏನು ಹೇಳುತ್ತದೆ?

ತೀರ ಕಡಿಮೆ. 14ನೆಯ ಗುರಿ ಪೂರ್ತಿ ಸಮುದ್ರದ್ದು. 15ನೆಯದು ಸಿಹಿನೀರನ್ನು ಹೆಸರಿಸಿದರೂ ಅಲ್ಲಿ ಮೀನುಗಾರನ ಮಾತಿಲ್ಲ. ಒಳನಾಡು ನೀರಿನಿಂದ 2022ರಲ್ಲಿ ಜಗತ್ತು ಹಿಡಿದ ಮೀನು 1.13 ಕೋಟಿ ಟನ್. ಅದರಲ್ಲಿ ಸುಮಾರು 19 ಲಕ್ಷ ಟನ್ ಹಿಡಿದ ಭಾರತ ಮೊದಲ ಸ್ಥಾನದಲ್ಲಿದೆ. ಇಷ್ಟು ಜನರ ಅನ್ನ ಯಾವ ಸೂಚ್ಯಂಕದಲ್ಲೂ ನೇರವಾಗಿ ಕಾಣದಿರುವುದು ಅನ್ಯಾಯ. 2014ರಲ್ಲಿ ಆಹಾರ ಮತ್ತು ಕೃಷಿ ಸಂಸ್ಥೆ ಒಪ್ಪಿದ ಸಣ್ಣ ಮೀನುಗಾರರ ಮಾರ್ಗಸೂಚಿಗಳು ಒಳನಾಡಿನವರನ್ನೂ ಒಳಗೊಳ್ಳುತ್ತವೆ. ಕೆರೆ ಯೋಜನೆಯ ಸಭೆಗೆ ಮೀನುಗಾರರ ಸಹಕಾರ ಸಂಘವನ್ನು ಕರೆಯದಿದ್ದಾಗ ಎತ್ತಿ ತೋರಿಸಬಹುದಾದ ದಾಖಲೆ ಸದ್ಯಕ್ಕೆ ಅದೇ.

ಹುಬ್ಬಳ್ಳಿ-ಧಾರವಾಡಕ್ಕೂ ‘ರಾಮ್ಸರ್ ನಗರ’ ಅಂತ ಮನ್ನಣೆ ಸಿಗಬಹುದೇ?

ಇಂದೋರ್, ಉದಯಪುರ 2025ರ ಜನವರಿಯಲ್ಲಿ ರಾಮ್ಸರ್ ಒಪ್ಪಂದದಡಿ ಭಾರತದ ಮೊದಲ ಜೌಗುಪ್ರದೇಶ ನಗರಗಳಾದವು. ಅರ್ಜಿಯಲ್ಲಿ ಕೇಳುವುದು ಉದ್ಯಾನದ ಅಂದವನ್ನಲ್ಲ: ಕೊಳಚೆ ನೀರಿನ ಶುದ್ಧೀಕರಣ, ನಗರ ಯೋಜನೆಯಲ್ಲಿ ಕೆರೆ-ನಾಲೆಗಳ ಜಾಗ, ಸ್ಥಳೀಯ ಜನರನ್ನೊಳಗೊಂಡ ಸಮಿತಿ. ಉಣಕಲ್, ತೋಳನಕೆರೆ, ಕೆಲಗೇರಿ, ಸಾಧನಕೇರಿ ಇರುವ ಜೋಡಿನಗರಕ್ಕೆ ಕೆರೆಗಳ ಕೊರತೆಯಿಲ್ಲ. ಒಳಹರಿವಿನ ನಾಲೆಗಳಲ್ಲಿ ಹರಿಯುವುದು ಮಳೆನೀರಷ್ಟೇ ಆದ ವರ್ಷ ಆ ಅರ್ಜಿ ಬರೆಯಬಹುದು.